ಮದ್ದು: ಹಾಕಿದ್ದೋ, ತಿಂದದ್ದೋ?

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರು ಕಡೆಯ ಹಳ್ಳಿಗಳಲ್ಲಿ ಚೆನ್ನಾಗಿ ಉಂಡುಕೊಂಡಿದ್ದ ಹುಡುಗ ಇದ್ದಕ್ಕಿದ್ದಂತೆ ಸೊರಗಿ ಅನ್ನ ಕಂಡರೆ ಮುಖ ತಿರುಗಿಸತೊಡಗಿದರೆ, ವಯಸ್ಸಾದ ಹೆಂಗಸರು ಡಾಕ್ಟರಿಗಿಂತ ಮೊದಲೇ ರೋಗ ಹೇಳಿಬಿಡುತ್ತಿದ್ದರು: ‘ಯಾರೋ ಮದ್ದಾಕವ್ರೆ ಕಣವ್ವ.’ ಅನ್ನದಲ್ಲೋ ಎಲೆಯಡಿಕೆಯಲ್ಲೋ ಬೆರೆಸಿ ಕೊಟ್ಟ ಕೈಮದ್ದು ಹೊಟ್ಟೆಯಲ್ಲಿ ಕೂತಿದೆ, ಮದ್ದು ತೆಗೆಯುವವರ ಹತ್ತಿರ ಹೋಗಿ ಕಕ್ಕಿಸಬೇಕು ಎಂದು ತೀರ್ಮಾನವಾಗುತ್ತಿತ್ತು. ಹೊಟ್ಟೆಯಲ್ಲಿ ನಿಜಕ್ಕೂ ಏನಿತ್ತೋ, ಅದು ಬೇರೆ ಮಾತು. ನನಗೆ ಬೇಕಾದದ್ದು ಅದರ ಕ್ರಿಯಾಪದ. ಮದ್ದು ‘ಹಾಕುವುದು’. ಹಾಕಿದವರು ಪಾಪಿಗಳು, ತಿಂದವನು ಪಾಪದವನು. ಇದೇ ಪದ ಪತ್ರಿಕೆಯ ಕ್ರೀಡಾಪುಟಕ್ಕೆ ಹೋದ ಕೂಡಲೇ ‘ಉದ್ದೀಪನ ಮದ್ದು ಸೇವನೆ’ ಆಗುತ್ತದೆ. ಹಾಕಿದವರು ಮಾಯ, ಉಳಿಯುವುದು ತಿಂದವನೊಬ್ಬನೇ.

ಹಳಗನ್ನಡದಲ್ಲಿ ಇದು ‘ಮರ್ದು’. ‘ಇರ್ದು’ ಹೋಗಿ ‘ಇದ್ದು’ ಆದ ಹಾಗೆ ‘ಮರ್ದು’ ಸವೆದು ‘ಮದ್ದು’ ಆಯಿತು. ತಮಿಳಿನ ಮರುಂದು, ಮಲಯಾಳದ ಮರುನ್ನ್, ತುಳುವಿನ ಮರ್ದ್, ತೆಲುಗಿನ ಮಂದು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ತೆಲುಗರ ಮಂದು ಔಷಧಿಯೂ ಹೌದು, ಹೆಂಡವೂ ಹೌದು, ಬಂದೂಕಿನ ಪುಡಿಯೂ ಹೌದು. ನಮ್ಮಲ್ಲಿಯೂ ಮದ್ದುಗುಂಡು ಇದೆ. ಗಾಯ ಮಾಡುವುದೂ ಮಾಯಿಸುವುದೂ ಒಂದೇ ಹೆಸರಿನದಾದದ್ದು ಹೇಗೆಂದು ಬೆರಗಾಗಬೇಕಿಲ್ಲ. ಚೀನೀಯರು ಕೋವಿಯ ಪುಡಿಗೆ ಇಟ್ಟ ಹೆಸರಿನ ಅರ್ಥವೇ ‘ಬೆಂಕಿಮದ್ದು’. ಪುಡಿ ಅರೆದು, ಪ್ರಮಾಣ ನೋಡಿ ಬೆರೆಸುವ ಕೆಲಸ ಪಂಡಿತನದೂ ಅದೇ, ಮದ್ದಿನಮನೆಯವನದೂ ಅದೇ.

ಟಿಪ್ಪುವಿನ ಕಾಲದಲ್ಲಿ ಇಲ್ಲಿ ಮದ್ದು ತಯಾರಾಗುತ್ತಿತ್ತು, ಆದ್ದರಿಂದಲೇ ಇದು ಮದ್ದೂರು ಎಂದು ನಮ್ಮ ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಊರಿನ ಹಳೆಯ ಹೆಸರು ಮರುದೂರು, ಸ್ಥಳಪುರಾಣದಲ್ಲಿ ಅರ್ಜುನಪುರಿ. ತಮಿಳಿನಲ್ಲಿ ಮರುದು ಎಂದರೆ ಹೊಳೆಮತ್ತಿ, ಸಂಸ್ಕೃತದಲ್ಲಿ ಅದೇ ಮರ ಅರ್ಜುನ. ಶಿಂಷಾ ದಡದ ಊರಿಗೆ ಹೊಳೆಮತ್ತಿಯ ಹೆಸರು ಬಿದ್ದಿರಬೇಕು, ಆಮೇಲೆ ಯಾರೋ ಅದನ್ನು ಪಾಂಡವರ ಅರ್ಜುನನಿಗೆ ಒಪ್ಪಿಸಿರಬೇಕು ಎಂದು ನನ್ನ ಊಹೆ. ಮರುದೂರು ಮದ್ದೂರಾಗಲು ಟಿಪ್ಪುವಿನ ಫಿರಂಗಿ ಬೇಕಿರಲಿಲ್ಲ, ಕನ್ನಡಿಗರ ನಾಲಿಗೆಯೇ ಸಾಕಿತ್ತು. ತಮಾಷೆಯೆಂದರೆ ಹೊಳೆಮತ್ತಿಯ ತೊಗಟೆ ಎದೆನೋವಿಗೆ ಪಂಡಿತರು ಕೊಡುತ್ತಿದ್ದ ಮದ್ದು.

ಇನ್ನು ‘ಉದ್ದೀಪನ’. ಇದು ಔಷಧಿ ಅಂಗಡಿಯಿಂದ ಬಂದದ್ದಲ್ಲ, ಕಾವ್ಯಮೀಮಾಂಸೆಯಿಂದ ಬಂದದ್ದು. ಬೆಳದಿಂಗಳು, ತಂಗಾಳಿ, ಕೋಗಿಲೆಯ ದನಿ ಇವೆಲ್ಲ ಶೃಂಗಾರಕ್ಕೆ ಉದ್ದೀಪನ ವಿಭಾವಗಳು. ಹೊತ್ತಿಕೊಂಡ ಭಾವವನ್ನು ಇನ್ನಷ್ಟು ಉರಿಸುವಂಥವು. ಅಂಥ ಪದವನ್ನು ತಂದು ಸ್ಟೆರಾಯ್ಡ್ ಸೂಜಿಗೆ ಕಟ್ಟಿದ ಪತ್ರಕರ್ತ ಯಾರೋ, ಎಂ.ಎ. ಕನ್ನಡ ಓದಿದವನೇ ಇರಬೇಕು. ಇಂಗ್ಲಿಷಿನವರ ‘ಡೋಪ್’ಗೆ ಈ ಠೀವಿಯಿಲ್ಲ; ಅದರ ಮೂಲ ಡಚ್ಚರ ಅಡುಗೆಮನೆಯಲ್ಲಿ, ಅದ್ದಿಕೊಂಡು ತಿನ್ನುವ ಗೊಜ್ಜಿನಲ್ಲಿದೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಗೊಜ್ಜಿಗೆ ಬೀಳುವ ನಿಷೇಧದ ಲೆಕ್ಕವನ್ನು ತಿಂಗಳುಗಳಲ್ಲಿ ಹೇಳುವುದಿಲ್ಲ, ಪಂದ್ಯಗಳಲ್ಲಿ ಹೇಳುತ್ತಾರೆ. 2014ರಲ್ಲಿ ಬಿಗಿಗೊಂಡ ನಿಯಮದ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 80 ಪಂದ್ಯ, ಎರಡನೆಯ ಸಲ ಇಡೀ ಋತುವಿನ 162 ಪಂದ್ಯ, ಮೂರನೆಯ ಸಲ ಆಜೀವ ನಿಷೇಧ. ಸ್ಯಾನ್ ಡಿಯಾಗೊ ತಂಡದ ಫೆರ್ನಾಂಡೊ ಟಾಟಿಸ್ ಜೂನಿಯರ್ 2022ರ ಆಗಸ್ಟಿನಿಂದ 80 ಪಂದ್ಯ ಹೊರಗುಳಿಯಬೇಕಾಯಿತು. ಸಿಕ್ಕಿದ್ದು ಕ್ಲಾಸ್ಟೆಬಾಲ್ ಎಂಬ ಸ್ಟೆರಾಯ್ಡ್. ಹುಳುಕಡ್ಡಿಗೆ ತೆಗೆದುಕೊಂಡ ಔಷಧಿಯಲ್ಲಿತ್ತು ಎಂದ. ನಮ್ಮ ಕ್ರಿಕೆಟಿಗ ಪೃಥ್ವಿ ಶಾಗೆ 2019ರಲ್ಲಿ ಎಂಟು ತಿಂಗಳ ನಿಷೇಧ ಬಿದ್ದದ್ದು ಕೆಮ್ಮಿನ ಸಿರಪ್ಪಿನಿಂದ. ಈ ಮಾತುಗಳನ್ನು ಇಂಗ್ಲಿಷಿನಲ್ಲಿ ಹೇಳಲು ‘ಮೆಡಿಸಿನ್’, ‘ಡೋಪ್’ ಎಂದು ಎರಡು ಡಬ್ಬಿ ಬೇಕು. ಕನ್ನಡದಲ್ಲಿ ಕೆಮ್ಮಿನದೂ ಮದ್ದೇ, ನಿಷೇಧದ್ದೂ ಮದ್ದೇ. ಗೆರೆ ಎಲ್ಲಿ ಎಳೆಯಬೇಕೆಂಬ ಜಗಳ ಪದದ ಒಳಗೇ ಕೂತಿದೆ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿಯ ಪ್ರಕರಣದಲ್ಲಿ ಆ ಜಗಳ ಪೂರ್ತಿ ಬಯಲಿಗೆ ಬಂತು. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ರಿಲೇ ಚಿನ್ನ; ಮುಂದಿನ ತಿಂಗಳೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. 2011ರಲ್ಲಿ ಮೂತ್ರದ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಅವರೊಬ್ಬರೇ ಅಲ್ಲ, ಜೊತೆಯ ಓಟಗಾರ್ತಿಯರೂ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ತಿಂದೆವು, ಅದರಲ್ಲಿ ಬೆರೆತಿತ್ತು ಎಂದರು ಹುಡುಗಿಯರು. ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡು ಚೀನಾದ ಬೇರಿಗೆ ಕೈಚಾಚಿದ ಕಥೆ. ಕೋಚ್ ಕೆಲಸ ಕಳೆದುಕೊಂಡರು. ಭಾರತದ ವಿಚಾರಣಾ ಸಮಿತಿ ಹುಡುಗಿಯರ ಮಾತಿಗೆ ಅಷ್ಟಿಷ್ಟು ಬೆಲೆ ಕೊಟ್ಟು ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧ ವಿಧಿಸಿತು. ಮೇಲ್ಮನವಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರ ಜುಲೈನಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಆ ಎರಡು ವರ್ಷದೊಳಗೇ ಬಂದು ಹೋಯಿತು.

ಹುಡುಗಿಯರು ಹೇಳಿದ್ದು ‘ಮದ್ದು ಹಾಕಿದರು’ ಎಂಬ ವಾಕ್ಯ. ನ್ಯಾಯಮಂಡಳಿ ಓದಿದ್ದು ‘ಮದ್ದು ಸೇವಿಸಿದರು’ ಎಂಬ ವಾಕ್ಯ. ಮೈಯೊಳಗೆ ಏನು ಸಿಕ್ಕರೂ ಮೈಯ ಒಡೆಯರೇ ಹೊಣೆ ಎನ್ನುತ್ತದೆ ಕ್ರೀಡೆಯ ಕಾನೂನು. ಅದಿಲ್ಲದಿದ್ದರೆ ಸಿಕ್ಕಿಬಿದ್ದವರೆಲ್ಲ ಕೈಮದ್ದಿನ ಕಥೆ ಹೇಳಿ ಪಾರಾಗುತ್ತಿದ್ದರು, ಒಪ್ಪುತ್ತೇನೆ. ಆದರೂ ಆತಗೂರಿನ ಆ ಹೆಂಗಸರು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಯಾರ ಕೈಲಿ ಉಂಡೆ?’, ಅಷ್ಟು ದಡ್ಡ ಪ್ರಶ್ನೆಯೆಂದು ನನಗೆ ಅನ್ನಿಸುವುದಿಲ್ಲ.

ಅಶ್ವಿನಿಯವರ ಕರಾವಳಿಯಲ್ಲಿ ಈ ಪದಕ್ಕೆ ಮಂಡ್ಯದ ಕೆಟ್ಟ ಹೆಸರಿಲ್ಲ. ಜ್ವರಕ್ಕೆ ಕುಡಿಯುವುದೂ ಮದ್ದು, ಮಳೆಗಾಲದಲ್ಲಿ ಅಡಕೆಗೆ ‘ಬಿಡುವುದೂ’ ಮದ್ದು. ಘಟ್ಟ ಹತ್ತಿ ಕೊಡಗಿಗೆ ಹೋದರೆ ಮದ್ದೇ ಹಬ್ಬ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂಬ ನಂಬಿಕೆ. ಉಂಡವರ ಮೂತ್ರಕ್ಕೂ ಬಣ್ಣ ಬರುತ್ತದೆ. ಬರದಿದ್ದರೆ, ಪಾಯಸ ಸರಿಯಾಗಿ ಉಣ್ಣಲಿಲ್ಲವೆಂದು ಬೈಸಿಕೊಳ್ಳಬೇಕು.