ಇಂಚು ಎಲ್ಲಿಂದ ಎಲ್ಲಿಗೆ? ಮಕ್ಕಳಿಗೆ ಉದ್ದ ಅಳೆಯಲು ಕಲಿಸಿದ ಕಥೆ

ಒಂದು ಹಲ್ಲುಕಡ್ಡಿಯ ಚಿತ್ರ. ಅದರ ಕೆಳಗೆ ಅಡಿಪಟ್ಟಿಯ ಒಂದು ತುಂಡು. ಕಡ್ಡಿಯ ಎಡತುದಿ ಎಂಟನೇ ಇಂಚಿನ ಗೀಟಿನ ಮೇಲಿದೆ, ಬಲತುದಿ ಹತ್ತೂವರೆಯ ಮೇಲಿದೆ. ಕಡ್ಡಿ ಎಷ್ಟು ಉದ್ದ? 2003ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಈ ಪ್ರಶ್ನೆ ಹಾಕಿದರು. ಎರಡೂವರೆ ಎಂದು ಸರಿಯಾಗಿ ಬರೆದವರು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಹತ್ತೂವರೆ ಎಂದು ಬರೆದವರಿದ್ದರು. ಮೂರೂವರೆ ಎಂದವರೂ ಇದ್ದರು. ಹತ್ತೂವರೆ ಎಂದ ಮಗು ಬಲತುದಿಯ ಅಂಕಿಯನ್ನಷ್ಟೇ ಓದಿದೆ. ಮೂರೂವರೆ ಎಂದ ಮಗು ಎಂಟು, ಒಂಬತ್ತು, ಹತ್ತು ಎಂದು ಮೂರು ಗೀಟುಗಳನ್ನು ಎಣಿಸಿ ಅರ್ಧ ಸೇರಿಸಿದೆ. ಈ ಎರಡನೇ ತಪ್ಪು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆ ಮಗು ಸುಮ್ಮನೆ ಊಹಿಸಿಲ್ಲ, ಎಣಿಸಿದೆ. ಆದರೆ ಎಣಿಸಬೇಕಾದದ್ದು ಗೀಟನ್ನಲ್ಲ, ಗೀಟುಗಳ ನಡುವಿನ ಜಾಗವನ್ನು ಎಂದು ಅದಕ್ಕೆ ಯಾರೂ ಮನವರಿಕೆ ಮಾಡಿಕೊಟ್ಟಿಲ್ಲ. ಉದ್ದದ ಬೋಧನೆಯ ಕುರಿತು ಕಳೆದ ಎಪ್ಪತ್ತು ವರ್ಷಗಳಲ್ಲಿ ನಡೆದ ಅಧ್ಯಯನವೆಲ್ಲ ಸುತ್ತಿಬಳಸಿ ಬಂದು ನಿಂತಿರುವುದು ಈ ಜಾಗದಲ್ಲೇ.

ಮೊದಲು ಕಲಿಸುತ್ತಿದ್ದದ್ದು ಕೋಷ್ಟಕ. ಹನ್ನೆರಡು ಇಂಚಿಗೆ ಒಂದು ಅಡಿ, ಮೂರು ಅಡಿಗೆ ಒಂದು ಗಜ, 5,280 ಅಡಿಗೆ ಒಂದು ಮೈಲಿ. ಇದನ್ನು ಬಾಯಿಪಾಠ ಮಾಡು, ಆಮೇಲೆ ಪರಿವರ್ತನೆಯ ಲೆಕ್ಕ ಬಿಡಿಸು. ನಮ್ಮ ಪರಂಪರೆಯ ಗಣಿತಗ್ರಂಥಗಳ ಕ್ರಮವೂ ಬೇರೆಯಲ್ಲ. ಭಾಸ್ಕರಾಚಾರ್ಯರ ‘ಲೀಲಾವತಿ’ ಶುರುವಾಗುವುದೇ ಅಳತೆಗಳ ಪರಿಭಾಷೆಯಿಂದ: ಎಂಟು ಯವಕ್ಕೆ ಒಂದು ಅಂಗುಲ, ಇಪ್ಪತ್ನಾಲ್ಕು ಅಂಗುಲಕ್ಕೆ ಒಂದು ಹಸ್ತ, ನಾಲ್ಕು ಹಸ್ತಕ್ಕೆ ಒಂದು ದಂಡ. ಗ್ರಂಥ ಕೈಗೆತ್ತಿಕೊಳ್ಳುವ ಹೊತ್ತಿಗೆ ಓದುಗನಿಗೆ ಅಳೆಯುವುದು ಗೊತ್ತಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಹೊಲ, ಮನೆ, ಮಗ್ಗಗಳ ನಡುವೆ ಬೆಳೆದವನ ವಿಷಯದಲ್ಲಿ ಆ ನಂಬಿಕೆ ಸಲ್ಲಬಹುದು. ಆರು ವರ್ಷದ ಶಾಲಾ ಮಗುವಿನ ವಿಷಯದಲ್ಲಿ ಅದು ಸಲ್ಲದು.

ಈ ನಂಬಿಕೆಯನ್ನು ಬುಡಸಮೇತ ಅಲುಗಾಡಿಸಿದ್ದು ಜಿನೀವಾದ ಕೆಲಸ. ಜೀನ್ ಪಿಯಾಜೆ, ಬಾರ್ಬೆಲ್ ಇನ್ಹೆಲ್ಡರ್, ಅಲೀನಾ ಶೆಮಿನ್ಸ್ಕಾ ಮೂವರೂ 1948ರಲ್ಲಿ ಮಕ್ಕಳ ಜ್ಯಾಮಿತಿಯ ಬಗ್ಗೆ ಫ್ರೆಂಚಿನಲ್ಲಿ ಬರೆದ ಪುಸ್ತಕ 1960ರಲ್ಲಿ ಇಂಗ್ಲಿಷಿಗೆ ಬಂತು. ಅದರಲ್ಲಿ ಒಂದು ಪ್ರಯೋಗವಿದೆ. ಒಂದು ಮೇಜಿನ ಮೇಲೆ ಮರದ ತುಂಡುಗಳ ಗೋಪುರ. ಅಷ್ಟೇ ಎತ್ತರದ ಇನ್ನೊಂದು ಗೋಪುರವನ್ನು ಮಗು ಬೇರೊಂದು ತಗ್ಗಿನ ಮೇಜಿನ ಮೇಲೆ ಕಟ್ಟಬೇಕು. ಕೋಲು, ಕಾಗದದ ಪಟ್ಟಿಗಳು ಪಕ್ಕದಲ್ಲೇ ಬಿದ್ದಿರುತ್ತವೆ. ಚಿಕ್ಕ ಮಕ್ಕಳು ಕಣ್ಣಳತೆಯಲ್ಲೇ ಕಟ್ಟಿ, ಎರಡರ ತುದಿಯೂ ಒಂದೇ ಮಟ್ಟಕ್ಕೆ ಬಂದರೆ ಸಾಕು ಎನ್ನುತ್ತಾರೆ. ಮೇಜು ತಗ್ಗಿನದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಸ್ವಲ್ಪ ದೊಡ್ಡವರು ಕೈಯನ್ನೋ ಮೈಯನ್ನೋ ಗುರುತಿಗೆ ಬಳಸುತ್ತಾರೆ. ಇನ್ನೂ ದೊಡ್ಡವರು ಕೋಲಿಗೆ ಕೈ ಹಾಕುತ್ತಾರೆ. ಗೋಪುರಕ್ಕಿಂತ ಚಿಕ್ಕ ಕೋಲನ್ನು ಮತ್ತೆ ಮತ್ತೆ ಸರಿಸಿಟ್ಟು ಎಣಿಸುವುದು ಎಲ್ಲಕ್ಕೂ ಕೊನೆಗೆ ಬರುತ್ತದೆ. ಸುಮಾರು ಎಂಟು ವರ್ಷಕ್ಕೆ ಮುಂಚೆ ಅದು ಪೂರ್ತಿ ಕೂಡಿಬರುವುದಿಲ್ಲ ಎಂಬುದು ಪಿಯಾಜೆಯವರ ನಿಲುವು. ವಸ್ತುವನ್ನು ಸರಿಸಿದರೂ ಉದ್ದ ಬದಲಾಗದು, ಅ ಆಗಿಂತ ಉದ್ದ, ಆ ಇಗಿಂತ ಉದ್ದವಾದರೆ ಅ ಇಗಿಂತ ಉದ್ದ ಎಂಬ ತಿಳಿವುಗಳು ಮೊದಲು ನೆಲೆಗೊಂಡಿರಬೇಕು.

ಇದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಅಳೆಯುವುದು ಯೋಚನೆಯ ಕೆಲಸ ಎಂದು ಶಿಕ್ಷಕರಿಗೆ ಹೊಳೆಯಿತು. ಜೊತೆಗೇ ‘ಮಗು ಇನ್ನೂ ಸಿದ್ಧವಾಗಿಲ್ಲ, ಕಾಯೋಣ’ ಎಂಬ ನೆಪವೂ ಸಿಕ್ಕಿತು. ಪೀಟರ್ ಬ್ರಯಂಟ್ ಮತ್ತು ಟಾಮ್ ಟ್ರಬಾಸೊ 1971ರಲ್ಲಿ ಬಣ್ಣದ ಕೋಲುಗಳನ್ನಿಟ್ಟು ಪರೀಕ್ಷಿಸಿ, ಹೋಲಿಕೆಗಳು ನೆನಪಿನಲ್ಲಿ ಉಳಿಯುವಂತೆ ನೋಡಿಕೊಂಡರೆ ನಾಲ್ಕು ವರ್ಷದವರೂ ಆ ತರ್ಕ ಮಾಡಬಲ್ಲರು ಎಂದು ತೋರಿಸಿದರು. ಉದ್ದ ಬದಲಾಗದೆಂಬ ತಿಳಿವು ಗಟ್ಟಿಯಾಗದ ಒಂದನೇ ತರಗತಿಯವರಿಗೂ ಅಳತೆಯ ಬಹಳಷ್ಟನ್ನು ಕಲಿಸಬಹುದು ಎಂಬುದು 1981ರಲ್ಲಿ ಜೇಮ್ಸ್ ಹೀಬರ್ಟ್ ಕಂಡುಕೊಂಡ ಮಾತು. ಕಾಯುವ ನೆಪ ಅಲ್ಲಿಗೆ ಸಡಿಲವಾಯಿತು.

ಅತ್ತ ಮಾಸ್ಕೋದಲ್ಲಿ ಡೇನಿಯಲ್ ಎಲ್ಕೋನಿನ್ ಮತ್ತು ವಾಸಿಲಿ ದವೀದೊವ್ ಪಾಠದ ಕ್ರಮವನ್ನೇ ತಿರುಗಿಸಿಟ್ಟಿದ್ದರು. ಸಾಮಾನ್ಯವಾಗಿ ಸಂಖ್ಯೆ ಮೊದಲು, ಅಳತೆ ಆಮೇಲೆ. ಅವರ ಒಂದನೇ ತರಗತಿಯಲ್ಲಿ ಉದ್ದ, ತೂಕ, ನೀರಿನ ಪ್ರಮಾಣಗಳ ಹೋಲಿಕೆ ಮೊದಲು. ದೊಡ್ಡದರಲ್ಲಿ ಚಿಕ್ಕದು ಎಷ್ಟು ಸಲ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ಸಂಖ್ಯೆ ಹುಟ್ಟುತ್ತದೆ. ಚಿಕ್ಕದನ್ನು ಬದಲಿಸಿದರೆ ಸಂಖ್ಯೆಯೂ ಬದಲಾಗುತ್ತದೆ. ಅದೇ ಹಲಗೆ ಅಡಿಯಲ್ಲಿ 3, ಇಂಚಿನಲ್ಲಿ 36. ಅಳೆಯುವ ಮಾನ ಕಿರಿದಾದಷ್ಟೂ ಎಣಿಕೆ ಹಿರಿದಾಗುತ್ತದೆ ಎಂಬ ಈ ತಿಳಿವು ಕೋಷ್ಟಕದ ಬಾಯಿಪಾಠದಿಂದ ಬರುವಂಥದ್ದಲ್ಲ. ಹವಾಯಿ ವಿಶ್ವವಿದ್ಯಾಲಯದ ಬಾರ್ಬರಾ ಡೌಹರ್ಟಿ ಮತ್ತು ಸಂಗಡಿಗರು ಈ ದಾರಿಯನ್ನು 2000ದ ದಶಕದಲ್ಲಿ ಅಮೆರಿಕದ ತರಗತಿಗೆ ತಂದರು.

ಆದರೆ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಬೇರೂರಿದ್ದು ಬೇರೊಂದು ಕ್ರಮ. ಮೊದಲು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು, ಆಮೇಲೆ ದಾರದ ನೆರವಿನಿಂದ ಹೋಲಿಸುವುದು, ಆಮೇಲೆ ಪಾದ, ಗೇಣು, ಕ್ಲಿಪ್ಪುಗಳಿಂದ ಅಳೆಯುವುದು, ಕಟ್ಟಕಡೆಗೆ ಇಂಚುಪಟ್ಟಿ. 1962ರಲ್ಲಿ ಬಂದ ರಾಲ್ಫ್ ಮಿಲ್ಲರ್ ಅವರ ಮಕ್ಕಳ ಪುಸ್ತಕ ‘ಹೌ ಬಿಗ್ ಈಸ್ ಎ ಫುಟ್?’ ಈ ಕ್ರಮಕ್ಕೆ ಹೇಳಿಮಾಡಿಸಿದಂತಿತ್ತು. ರಾಣಿಯ ಹುಟ್ಟುಹಬ್ಬಕ್ಕೆ ಮಂಚ ಮಾಡಿಸಲು ರಾಜ ತನ್ನ ಪಾದದಿಂದ ಅಳೆದು ಅಳತೆ ಕೊಡುತ್ತಾನೆ. ಪುಟ್ಟ ಪಾದದ ಬಡಗಿ ಹುಡುಗ ತನ್ನ ಪಾದದಿಂದ ಅಳೆದು ಮಂಚ ಮಾಡುತ್ತಾನೆ. ಮಂಚ ಸಾಲದು, ಹುಡುಗನಿಗೆ ಸೆರೆಮನೆ.

1990ರ ದಶಕದಲ್ಲಿ ಈ ಕ್ರಮದ ಮೇಲೆ ಪ್ರಶ್ನೆಗಳೆದ್ದವು. ತೆರೆಜಿನ್ಯಾ ನೂನೆಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ನೋಡದೆ, ಫೋನಿನಲ್ಲಿ ಮಾತಾಡಿಯೇ ತಮ್ಮ ಹಾಳೆಯ ಗೆರೆಗಳಲ್ಲಿ ಯಾವುದು ಉದ್ದ ಎಂದು ತೀರ್ಮಾನಿಸಬೇಕಿತ್ತು. ಕೆಲವರ ಕೈಯಲ್ಲಿ ದಾರ, ಕೆಲವರಿಗೆ ಅಳತೆಪಟ್ಟಿ, ಇನ್ನು ಕೆಲವರಿಗೆ ತುದಿ ಮುರಿದ ಅಳತೆಪಟ್ಟಿ. ದಾರ ಹಿಡಿದವರಿಗಿಂತ ಪಟ್ಟಿ ಹಿಡಿದವರು ಮುಂದಿದ್ದರು, ಮುರಿದ ಪಟ್ಟಿಯವರೂ ಸೇರಿ. ಆಸ್ಟ್ರೇಲಿಯಾದ ಗಿಲಿಯನ್ ಬೋಲ್ಟನ್-ಲೂಯಿಸ್ ಕೂಡ 1996ರಲ್ಲಿ ಇದನ್ನೇ ಹೋಲುವ ಮಾತು ಹೇಳಿದರು: ಮಕ್ಕಳ ಒಲವು ಶಾಲೆ ಮುಂದಿಡುವ ಕಡ್ಡಿ, ಕ್ಲಿಪ್ಪುಗಳ ಕಡೆಗಿಂತ ನಿಜವಾದ ಅಳತೆಪಟ್ಟಿಯ ಕಡೆಗೆ. ಡಗ್ಲಾಸ್ ಕ್ಲೆಮೆಂಟ್ಸ್ 1999ರಲ್ಲಿ ಇವನ್ನೆಲ್ಲ ಒಟ್ಟಿಗೆ ತೂಗಿ, ಪಾದ, ಗೇಣುಗಳನ್ನು ಮುಗಿಸಿಯೇ ಪಟ್ಟಿಗೆ ಬರಬೇಕೆಂಬ ಹಟಕ್ಕೆ ಆಧಾರ ಸಾಲದು ಎಂದರು. ನನಗೂ ಇದು ಸರಿಯೆನಿಸುತ್ತದೆ. ದಿನಕ್ಕೊಂದು ಬೇರೆ ಬೇರೆ ಮಾನ ಹಿಡಿದು ಅಳೆಸಿದರೆ, ಏಕಮಾನವೆಂಬುದು ಒಂದೇ ಸಮ ಇರಬೇಕು ಎಂಬ ಮೂಲ ತಿಳಿವೇ ಮಗುವಿಗೆ ಮಸುಕಾಗುವ ಅಪಾಯವಿದೆ. ಗೇಣು, ಪಾದಗಳನ್ನು ಬಿಡಬೇಕಿಲ್ಲ. ಅವು ಪಟ್ಟಿಯ ಜೊತೆಜೊತೆಗೇ ಬರಲಿ.

ಹಾಗೆ ಪಾದವನ್ನು ಗಂಭೀರವಾಗಿ ಬಳಸಿಕೊಂಡ ಒಂದು ತರಗತಿಯ ವಿವರವಾದ ದಾಖಲೆ ನಮಗೆ ಸಿಕ್ಕಿದೆ. ಮಿಶೆಲ್ ಸ್ಟೀಫನ್, ಪಾಲ್ ಕಾಬ್, ಕುನೊ ಗ್ರಾವೆಮೆಯರ್ ಮತ್ತು ಸಂಗಡಿಗರು ಒಂದನೇ ತರಗತಿಯೊಂದರಲ್ಲಿ ನಡೆಸಿದ ಕೆಲಸ ಅದು. ಅಲ್ಲಿಯೂ ರಾಜನ ಕಥೆಯಿಂದಲೇ ಆರಂಭ. ಮಕ್ಕಳು ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಪಾದಕ್ಕೆ ಪಾದ ಜೋಡಿಸಿ ನೆಲದ ಮೇಲೆ ನಡೆದರು. ಒಂದೇ ಉದ್ದಕ್ಕೆ ಇಬ್ಬರ ಲೆಕ್ಕ ಬೇರೆ ಬಂತು. ಕೆಲವರು ಮೊದಲ ಪಾದ ಊರಿದ ಕೂಡಲೇ ‘ಒಂದು’ ಎಂದರೆ, ಕೆಲವರು ಎರಡನೆಯದನ್ನು ಇಟ್ಟಾಗ ‘ಒಂದು’ ಎನ್ನುತ್ತಿದ್ದರು. ಎರಡನೇ ಗುಂಪಿಗೆ ಎಣಿಕೆ ಎಂದರೆ ಹೆಜ್ಜೆ ಹಾಕುವ ಚಲನೆ. ಮೊದಲ ಪಾದ ಹಿಡಿದ ಜಾಗ ಅವರ ಲೆಕ್ಕದಿಂದಲೇ ಬಿಟ್ಟುಹೋಗುತ್ತಿತ್ತು. ಶಿಕ್ಷಕಿ ತೀರ್ಪು ಕೊಡಲಿಲ್ಲ. ಇಬ್ಬರೂ ತಮ್ಮ ತಮ್ಮ ಎಣಿಕೆ ನೆಲದ ಎಷ್ಟನ್ನು ಒಳಗೊಂಡಿದೆ ಎಂದು ತೋರಿಸಬೇಕಾಯಿತು. ಮಾತು ಅಲ್ಲಿಗೆ ಬಂದ ಮೇಲೆ, ಎಣಿಸುತ್ತಿರುವುದು ಜಾಗವನ್ನು ಎಂಬ ಒಮ್ಮತ ಮೂಡಿತು. ಮುಂದೆ ಐದು ಪಾದಗಳನ್ನು ಒಂದೇ ಕಾಗದದ ಪಟ್ಟಿಯಲ್ಲಿ ಸೇರಿಸಿ ಅದರಿಂದ ಅಳೆದರು. ಹೀಗೆ ಅಡಿಪಟ್ಟಿ ಹುಟ್ಟಿದ ಬಗೆಯನ್ನೇ ಮಕ್ಕಳು ಇನ್ನೊಮ್ಮೆ ನಡೆದು ಕಂಡುಕೊಂಡರು. ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಬೆಳಕು ಚೆಲ್ಲುವ ಇನ್ನೊಂದು ಬರಹವಿಲ್ಲ.

ಅಮೆರಿಕದ ಮಗುವಿಗೆ ಇಂಚು ತಪ್ಪಿದ್ದಲ್ಲ. ಮೆಟ್ರಿಕ್ ಪದ್ಧತಿಗೆ ಅಲ್ಲಿ 1866ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿದ್ದರೂ, 1975ರ ಪರಿವರ್ತನಾ ಕಾಯ್ದೆ ಅದನ್ನು ಕಡ್ಡಾಯ ಮಾಡಲಿಲ್ಲ. ಅದಕ್ಕಾಗಿ ರಚಿಸಿದ ಮಂಡಳಿ 1982ರಲ್ಲಿ ಬಾಗಿಲು ಮುಚ್ಚಿತು. 2010ರ ಕಾಮನ್ ಕೋರ್ ಪಠ್ಯಮಾನದಂಡ ಎರಡನೇ ತರಗತಿಯಲ್ಲಿ ಇಂಚು-ಅಡಿ, ಸೆಂಟಿಮೀಟರ್-ಮೀಟರ್ ಎರಡನ್ನೂ ಕೇಳುತ್ತದೆ. ಮೂರನೆಯದರಲ್ಲಿ ಅರ್ಧ ಮತ್ತು ಕಾಲು ಇಂಚು ಬರುತ್ತವೆ. ಇಂಚಿನ ನಿಜವಾದ ಲಾಭ ಇಲ್ಲಿದೆ. ಸೆಂಟಿಮೀಟರು ಹತ್ತಾಗಿ ಒಡೆಯುತ್ತದೆ, ಇಂಚು ಅರ್ಧ, ಕಾಲು, ಅರೆಕಾಲು ಎಂದು ಮಡಿಸಿದಂತೆ ಒಡೆಯುತ್ತದೆ. ಭಿನ್ನರಾಶಿಗೆ ಇಷ್ಟು ಸಲೀಸಾದ ಸಂಖ್ಯಾರೇಖೆ ಮಗುವಿನ ಕೈಗೆ ಇನ್ನೆಲ್ಲಿ ಸಿಕ್ಕೀತು?

ಕರ್ನಾಟಕದ ಮಗುವಿನ ಸ್ಥಿತಿ ಇದಕ್ಕೆ ತಿರುಗುಮುರುಗು. 1956ರ ಕಾಯ್ದೆಯ ನಂತರ ದೇಶ ಮೆಟ್ರಿಕ್‌ಗೆ ಹೊರಳಿತು, ಶಾಲೆಯಲ್ಲಿ ಸೆಂಟಿಮೀಟರೇ ಮುಖ್ಯ. ಹೊರಗೆ ಮಾತ್ರ ಮಲ್ಲಿಗೆ ಮೊಳದ ಲೆಕ್ಕದಲ್ಲಿ, ನಿವೇಶನ ಮೂವತ್ತು-ನಲವತ್ತರ ಅಡಿಯಲ್ಲಿ, ರವಿಕೆಯ ಅಳತೆ ದರ್ಜಿಯ ಟೇಪಿನ ಇಂಚಿನಲ್ಲಿ. ಎನ್‌ಸಿಇಆರ್‌ಟಿಯ ಆರನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಗೇಣು, ಮೊಳಗಳ ಪ್ರಸ್ತಾಪವಿತ್ತು. ಸ್ಕೇಲಿನ ತುದಿ ಮುರಿದಿದ್ದರೆ ಬೇರೆ ಗೀಟಿನಿಂದ ಶುರುಮಾಡಿ ಕಳೆಯಬೇಕು ಎಂಬ ಸೂಚನೆಯೂ ಇತ್ತು. ಆ ಸೂಚನೆ ಎರಡನೇ ತರಗತಿಯಲ್ಲೇ ಬರಬೇಕಿತ್ತು, ಎಚ್ಚರಿಕೆಯ ಮಾತಾಗಿ ಅಲ್ಲ, ಪಾಠವಾಗಿಯೇ.

ಹೀಗೆ ಹೇಳಲು ಆಧಾರವಿದೆ. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಜಾನ್ ಸ್ಮಿತ್ ತಂಡ ಅಮೆರಿಕದ ಪ್ರಾಥಮಿಕ ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಜಾಲಾಡಿ, ಹೇಗೆ ಅಳೆಯಬೇಕೆಂಬ ವಿಧಾನ ಅಲ್ಲಿ ಧಾರಾಳವಾಗಿದ್ದು, ಯಾಕೆ ಹಾಗೆ ಎಂಬ ವಿವರಣೆ ತೀರ ಕಡಿಮೆಯೆಂದು 2013ರಲ್ಲಿ ವರದಿ ಮಾಡಿತು. ಶಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲೆವೈನ್ ಮತ್ತು ಸಂಗಡಿಗರು ಕಂಡುಕೊಂಡದ್ದು ಇನ್ನೂ ನೇರವಾಗಿದೆ. ವಸ್ತುವನ್ನು ಸೊನ್ನೆಗೆ ಜೋಡಿಸಿಯೇ ಅಭ್ಯಾಸ ಮಾಡಿಸಿದರೆ, ಅಂಕಿ ಓದುವ ತಪ್ಪು ಅಡಗಿ ಕೂತಿರುತ್ತದೆ, ಏಕೆಂದರೆ ಅಲ್ಲಿ ತಪ್ಪು ದಾರಿಗೂ ಸರಿ ಉತ್ತರ ಸಿಗುತ್ತದೆ. ವಸ್ತುವನ್ನು ಪಟ್ಟಿಯ ನಡುವೆ ಇಟ್ಟು, ಗೀಟಿನಿಂದ ಗೀಟಿಗೆ ಒಂದೊಂದು ಇಂಚಿನ ಬಿಲ್ಲೆ ಜೋಡಿಸಿ ಎಣಿಸಲು ಕಲಿಸಿದಾಗ ಮಕ್ಕಳು ನಿಜವಾಗಿ ಸುಧಾರಿಸಿದರು. ಇದಕ್ಕೆ ಬೇಕಾದದ್ದು ಒಂದು ಅಡಿಪಟ್ಟಿ, ರಟ್ಟಿನಲ್ಲಿ ಕತ್ತರಿಸಿದ ಹತ್ತಾರು ಇಂಚಿನ ಚೌಕಗಳು, ಮತ್ತು ಮೂರನೇ ಗೀಟಿನ ಮೇಲೆ ಶುರುವಾಗುವ ಒಂದು ಪೆನ್ಸಿಲ್.