ದಾನವೋ ಕರಾರೋ: ವೈದ್ಯಕೀಯ ನಿಯತಕಾಲಿಕೆಗಳ ನ್ಯಾಯಯುತ ಹಂಚಿಕೆಯಲ್ಲಿ ಗ್ರಂಥಪಾಲಕರು ಮತ್ತು ಪ್ರಕಾಶಕರು

ಸಾರಾಂಶ

ವೈದ್ಯಕೀಯ ಸಂಶೋಧನೆಯ ಫಲ ಹಣಬಲವಿಲ್ಲದ ಗ್ರಂಥಾಲಯಗಳಿಗೂ ತಲುಪಬೇಕೆಂದು ಕಳೆದ ಎರಡೂವರೆ ದಶಕಗಳಲ್ಲಿ ಗ್ರಂಥಪಾಲಕರೂ ಪ್ರಕಾಶಕರೂ ಕೂಡಿ ಹಲವು ಏರ್ಪಾಡುಗಳನ್ನು ಮಾಡಿಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹಿನಾರಿ, ಅಮೆರಿಕದ ತುರ್ತು ಪ್ರವೇಶ ಯೋಜನೆ, ಕರ್ನಾಟಕದ ಹೆಲಿನೆಟ್, ಭಾರತ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾದಾರಿಕೆ' ಇವುಗಳಲ್ಲಿ ಮುಖ್ಯವಾದವು. ಇವನ್ನು ಉಚಿತ ಮತ್ತು ಸಶುಲ್ಕ ಎಂದು ವಿಂಗಡಿಸಿ ಅಳೆಯುವುದು ವಾಡಿಕೆ. ಯಾರು ಒಳಗೆ, ಯಾರು ಹೊರಗೆ, ಕೊಟ್ಟದ್ದನ್ನು ಯಾವಾಗ ಹಿಂತೆಗೆಯಬಹುದು ಎಂಬುದನ್ನು ಯಾರು, ಯಾವ ನಿಯಮದಂತೆ ತೀರ್ಮಾನಿಸುತ್ತಾರೆ ಎಂಬುದೇ ಹಂಚಿಕೆಯ ನ್ಯಾಯಕ್ಕೆ ಸರಿಯಾದ ಅಳತೆ ಎಂಬುದು ಈ ಲೇಖನದ ವಾದ.

ಪ್ರಮುಖ ಪದಗಳು: ಆರೋಗ್ಯ ವಿಜ್ಞಾನ ಗ್ರಂಥಾಲಯಗಳು, ಹಿನಾರಿ, ಹೆಲಿನೆಟ್, ಗ್ರಂಥಾಲಯ ಒಕ್ಕೂಟ, ಪರವಾನಗಿ ಕರಾರು, ಮುಕ್ತ ಪ್ರವೇಶ

1. ಪೀಠಿಕೆ

ಲೈಬೀರಿಯಾದಲ್ಲಿ ಎಬೋಲಾ 4,800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಪಿಡುಗು ತಗ್ಗುತ್ತಿದ್ದ 2015ರ ಏಪ್ರಿಲಿನಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿ ಬರ್ನಿಸ್ ಡಾನ್ ಇಬ್ಬರು ಸಹಲೇಖಕರೊಡನೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಲೈಬೀರಿಯಾವನ್ನು ಎಬೋಲಾ ನೆಲೆಸಿರುವ ಪ್ರದೇಶಗಳಲ್ಲಿ ಸೇರಿಸಬೇಕೆಂದು ಐರೋಪ್ಯ ಸಂಶೋಧಕರು 1982ರಲ್ಲೇ ಒಂದು ಪ್ರಬಂಧದಲ್ಲಿ ಬರೆದಿದ್ದರೆಂದು ಆ ಲೇಖನ ತೋರಿಸಿತು. ಆ ಎಚ್ಚರಿಕೆ ಅಲ್ಲಿನ ವೈದ್ಯರ ಕಿವಿಗೇ ಬಿದ್ದಿರಲಿಲ್ಲ. ಆ ಪ್ರಬಂಧದ ಲೇಖಕರಲ್ಲಿ ಲೈಬೀರಿಯದವರು ಒಬ್ಬರೂ ಇರಲಿಲ್ಲ. ಅಂಥ ಒಂದು ಪ್ರಬಂಧವನ್ನು ಇಳಿಸಿಕೊಳ್ಳಲು 45 ಡಾಲರ್ ಬೇಕು; ಅದು ಅಲ್ಲಿನ ವೈದ್ಯರ ಅರ್ಧ ವಾರದ ಸಂಬಳ ಎಂದು ಡಾನ್ ಮತ್ತು ಸಂಗಡಿಗರು ಲೆಕ್ಕ ಕೊಟ್ಟರು.

ಈ ಪ್ರಸಂಗವನ್ನು ಬೆಲೆಯ ದೂರು ಎಂದಷ್ಟೇ ಓದಿದರೆ ಅದರ ಅರ್ಧ ಭಾಗ ಬಿಟ್ಟುಹೋಗುತ್ತದೆ. ಬಡ ದೇಶಗಳಿಗೆ ನಿಯತಕಾಲಿಕೆಗಳನ್ನು ಉಚಿತವಾಗಿ ಒದಗಿಸುವ ಹಿನಾರಿ ಯೋಜನೆ ಆಗಲೇ ಹದಿಮೂರು ವರ್ಷ ಹಳೆಯದಾಗಿತ್ತು. ಲೈಬೀರಿಯಾ ಅದಕ್ಕೆ ಅರ್ಹವಾದ ದೇಶ. ಪಟ್ಟಿಯಲ್ಲಿ ದೇಶದ ಹೆಸರಿದ್ದರೂ ಓದುಗನ ಮೇಜಿಗೆ ಪ್ರಬಂಧ ಬಂದಿರಲಿಲ್ಲ. ಈ ನಡುವಿನ ದಾರಿಯಲ್ಲಿ ಏನೇನು ಇದೆ ಎಂಬುದೇ ಇಲ್ಲಿನ ಅಧ್ಯಯನದ ವಸ್ತು.

2. ಕೊಂಡ ಸಂಪುಟದಿಂದ ಪರವಾನಗಿಯ ಕಡೆಗೆ

ವೈದ್ಯಕೀಯ ಗ್ರಂಥಪಾಲಕರ ಪರಸ್ಪರ ಸಹಕಾರ ಹೊಸದಲ್ಲ. 1898ರಲ್ಲಿ ಫಿಲಡೆಲ್ಫಿಯಾದಲ್ಲಿ ನಾಲ್ವರು ಗ್ರಂಥಪಾಲಕರೂ ನಾಲ್ವರು ವೈದ್ಯರೂ ಸೇರಿ ಕಟ್ಟಿದ ಸಂಘವೇ ಇಂದಿನ ಮೆಡಿಕಲ್ ಲೈಬ್ರರಿ ಅಸೋಸಿಯೇಷನ್. ಒಂದು ಗ್ರಂಥಾಲಯದಲ್ಲಿ ಎರಡೆರಡಿರುವ ಸಂಚಿಕೆಗಳನ್ನು ಇಲ್ಲದ ಗ್ರಂಥಾಲಯಕ್ಕೆ ಕಳುಹಿಸುವ ವಿನಿಮಯ ವ್ಯವಸ್ಥೆ ಅದರ ಮೊದಲ ಕೆಲಸಗಳಲ್ಲೊಂದು. ಇದಕ್ಕೆ ಪ್ರಕಾಶಕರ ಒಪ್ಪಿಗೆ ಬೇಕಿರಲಿಲ್ಲ. ಕೊಂಡ ಸಂಪುಟ ಗ್ರಂಥಾಲಯದ ಸ್ವತ್ತು. ಅದನ್ನು ಎರವಲು ಕೊಡಬಹುದಿತ್ತು, ದಾನ ಮಾಡಬಹುದಿತ್ತು, ಚಂದಾ ನಿಂತ ಮೇಲೂ ಇಟ್ಟುಕೊಳ್ಳಬಹುದಿತ್ತು.

ನಿಯತಕಾಲಿಕೆಗಳು ಅಂತರ್ಜಾಲಕ್ಕೆ ಬಂದ ಮೇಲೆ ಈ ಸ್ವಾತಂತ್ರ್ಯ ಹೋಯಿತು. ಗ್ರಂಥಾಲಯ ಈಗ ಪಡೆಯುವುದು ಪ್ರಕಾಶಕರ ಗಣಕಯಂತ್ರದಲ್ಲಿರುವುದನ್ನು ಇಂತಿಷ್ಟು ಅವಧಿಗೆ, ಇಂಥವರು ಮಾತ್ರ ಓದಬಹುದು ಎಂಬ ಪರವಾನಗಿಯನ್ನು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಚಂದಾ ನಿಂತ ದಿನ ಹಳೆಯ ಸಂಚಿಕೆಗಳೂ ಮುಚ್ಚಿಕೊಳ್ಳುತ್ತವೆ. ಇದರಿಂದ ಎರಡು ಪರಿಣಾಮಗಳಾದವು. ಹಂಚಿಕೆಗೆ ಪ್ರಕಾಶಕರ ಸಹಕಾರ ಅನಿವಾರ್ಯವಾಯಿತು. ಜೊತೆಗೆ, ಇನ್ನೊಬ್ಬ ಓದುಗನನ್ನು ಸೇರಿಸಿಕೊಳ್ಳುವ ಖರ್ಚು ಪ್ರಕಾಶಕರಿಗೆ ಬಹುಮಟ್ಟಿಗೆ ಇಲ್ಲವೆಂಬಷ್ಟು ಕಡಿಮೆಯಾಯಿತು. ಮುಂದೆ ನೋಡುವ ಔದಾರ್ಯವೂ ಅದರ ಮಿತಿಯೂ ಈ ಎರಡರಿಂದ ಹುಟ್ಟಿದವು.

3. ಹಿನಾರಿ: ಕಟ್ಟಿದ ಬಗೆ

2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಮೀಕ್ಷೆ ಈ ಕೊರತೆಯನ್ನು ಅಂಕಿಗಳಲ್ಲಿ ತೋರಿಸಿತು. ತಲಾ ವಾರ್ಷಿಕ ಆದಾಯ 1,000 ಡಾಲರಿಗಿಂತ ಕಡಿಮೆ ಇರುವ ದೇಶಗಳಲ್ಲಿ ಶೇ. 56ರಷ್ಟು ಸಂಸ್ಥೆಗಳು ಯಾವ ಅಂತರರಾಷ್ಟ್ರೀಯ ನಿಯತಕಾಲಿಕೆಗೂ ಚಂದಾದಾರರಾಗಿರಲಿಲ್ಲ. 1,000ದಿಂದ 3,000 ಡಾಲರ್ ಆದಾಯದ ದೇಶಗಳಲ್ಲೂ ಈ ಪ್ರಮಾಣ ಶೇ. 34 ಇತ್ತು.

ಸಂಸ್ಥೆಯ ಗ್ರಂಥಪಾಲಕಿ ಬಾರ್ಬರಾ ಆರನ್ಸನ್ ಅವರ ಮುಂದಾಳತ್ವದಲ್ಲಿ ಮಾತುಕತೆಗಳು ನಡೆದವು. 2001ರ ಜುಲೈನಲ್ಲಿ ಎಲ್ಸೆವಿಯರ್, ಬ್ಲ್ಯಾಕ್‌ವೆಲ್, ಸ್ಪ್ರಿಂಗರ್, ವೈಲಿ ಸೇರಿದಂತೆ ಆರು ದೊಡ್ಡ ಪ್ರಕಾಶಕರು ಒಪ್ಪಿಗೆಗೆ ಬಂದರು. 2002ರ ಜನವರಿಯಲ್ಲಿ ಸುಮಾರು 1,500 ನಿಯತಕಾಲಿಕೆಗಳೊಂದಿಗೆ ಹಿನಾರಿ ಆರಂಭವಾಯಿತು. ಅತಿ ಬಡ ದೇಶಗಳ ಸಂಸ್ಥೆಗಳಿಗೆ ಅದು ಉಚಿತ; ತುಸು ಮೇಲಿನ ಆದಾಯದ ಎರಡನೆಯ ಗುಂಪಿನ ದೇಶಗಳ ಪ್ರತಿ ಸಂಸ್ಥೆಗೆ ವರ್ಷಕ್ಕೆ 1,000 ಡಾಲರ್ ಎಂದು ಗೊತ್ತಾಯಿತು.

ಕೆಲಸದ ಹಂಚಿಕೆಯೂ ಗಮನಾರ್ಹ. ಪ್ರಕಾಶಕರು ನಿಯತಕಾಲಿಕೆಗಳನ್ನು ಕೊಟ್ಟರು. ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೂಚೀಕರಣಕ್ಕೂ ತಾಂತ್ರಿಕ ವ್ಯವಸ್ಥೆಗೂ ನೆರವಾಯಿತು. ಸಂಸ್ಥೆಗಳ ನೋಂದಣಿಯನ್ನು ವಿಶ್ವ ಆರೋಗ್ಯ ಸಂಸ್ಥೆ ವಹಿಸಿಕೊಂಡಿತು. ಬಳಕೆದಾರರ ತರಬೇತಿ ಬಹುಮಟ್ಟಿಗೆ ಗ್ರಂಥಪಾಲಕರ ಪಾಲಿಗೆ ಬಂತು. ಕೃಷಿಗೆ ಅಗೋರಾ, ಪರಿಸರಕ್ಕೆ ಓರೆ ಎಂಬ ಸೋದರ ಯೋಜನೆಗಳು ಬಂದು ಇವೆಲ್ಲ ರಿಸರ್ಚ್‌ಫಾರ್‌ಲೈಫ್ ಎಂಬ ಒಂದೇ ಹೆಸರಿನಡಿ ಸೇರಿದವು.

ಸೂಚಿಯಲ್ಲಿರುವುದೆಲ್ಲ ಓದಲು ಸಿಗುತ್ತದೆ ಎಂಬ ಭರವಸೆ ಮಾತ್ರ ಇರಲಿಲ್ಲ. ಪೆರುವಿನ ಕಯೆತಾನೊ ಎರೆದಿಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ಲೋಸ್ ಮೆಡಿಸಿನ್ ಪತ್ರಿಕೆಯಲ್ಲಿ ಇದನ್ನೇ ಎತ್ತಿದರು: ಮೊದಲು ತೆರೆಯುತ್ತಿದ್ದ ಪ್ರಮುಖ ನಿಯತಕಾಲಿಕೆಗಳಲ್ಲಿ ಹಲವು ಈಗ ಹಿನಾರಿಯ ಮೂಲಕ ತೆರೆಯುತ್ತಿಲ್ಲ ಎಂಬುದು ಅವರ ಆಕ್ಷೇಪ. ಇಂಥ ಲೋಪ ಮೊದಲು ಕಾಣುವುದು ಓದುಗನ ಪಕ್ಕದಲ್ಲಿ ಕುಳಿತ ಗ್ರಂಥಪಾಲಕರಿಗೆ. ಸರಿಪಡಿಸುವ ಅಧಿಕಾರ ಇರುವುದು ಇನ್ನೊಂದು ಖಂಡದ ಕಚೇರಿಯಲ್ಲಿ.

4. ಗೆರೆ ಎಳೆದವರು ಯಾರು: ಭಾರತ ಮತ್ತು ಬಾಂಗ್ಲಾದೇಶ

2002ರಲ್ಲಿ ಭಾರತದ ತಲಾ ಆದಾಯ 1,000 ಡಾಲರಿಗಿಂತ ಬಹಳ ಕೆಳಗಿತ್ತು. ಆದಾಯವೊಂದೇ ಮಾನದಂಡವಾಗಿದ್ದರೆ ರಾಯಚೂರಿನ ಕಾಲೇಜಿಗೂ ಹಿನಾರಿ ಉಚಿತವಾಗಿ ಸಿಗಬೇಕಿತ್ತು. ಆದರೆ ಭಾರತ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿ ಆಗಲೇ ಚಂದಾ ಕಟ್ಟುವ ಸಂಸ್ಥೆಗಳಿದ್ದವು. ಉಚಿತವಾಗಿ ಕೊಟ್ಟರೆ ಆ ಆದಾಯಕ್ಕೆ ಪೆಟ್ಟು ಬೀಳುತ್ತಿತ್ತು. ಮುಂದೆ ಮಾನದಂಡಗಳು ವಿಸ್ತಾರಗೊಂಡು ಮಾನವ ಅಭಿವೃದ್ಧಿ ಸೂಚ್ಯಂಕ, ಅತಿ ಹಿಂದುಳಿದ ದೇಶಗಳ ವಿಶ್ವಸಂಸ್ಥೆಯ ಪಟ್ಟಿ ಮುಂತಾದವು ಸೇರಿಕೊಂಡವು. ಆದರೆ ದೇಶದ ಒಟ್ಟು ಆದಾಯವೂ ಲೆಕ್ಕಕ್ಕೆ ಬರುವುದರಿಂದ, ಜನಸಂಖ್ಯೆ ದೊಡ್ಡದಿರುವ ಬಡ ದೇಶ ಹೊರಗೇ ಉಳಿಯಬಹುದು. ಮಾರುಕಟ್ಟೆ ಇಲ್ಲದ ಕಡೆ ಉಚಿತ ಪ್ರವೇಶದಿಂದ ಪ್ರಕಾಶಕರಿಗೆ ನಷ್ಟವಿಲ್ಲ; ಮಾರುಕಟ್ಟೆ ಚಿಗುರಿದ ಕಡೆ ನಷ್ಟವಿದೆ. ಹೀಗಾಗಿ ದಾನದ ಗಡಿ ಅಗತ್ಯದ ಗಡಿಗಿಂತ ವ್ಯಾಪಾರದ ಗಡಿಗೆ ಹೆಚ್ಚು ಹೊಂದಿಕೊಳ್ಳುತ್ತದೆ.

2011ರ ಜನವರಿಯ ಬಾಂಗ್ಲಾದೇಶ ಪ್ರಕರಣ ಇದಕ್ಕೆ ನೇರ ಸಾಕ್ಷಿ. ಎಲ್ಸೆವಿಯರ್, ಸ್ಪ್ರಿಂಗರ್ ಸೇರಿದಂತೆ ಕೆಲವು ಪ್ರಕಾಶಕರು 2,500ರಷ್ಟು ನಿಯತಕಾಲಿಕೆಗಳನ್ನು ಹಿನಾರಿಯ ಮೂಲಕ ಬಾಂಗ್ಲಾದೇಶಕ್ಕೆ ಕೊಡುವುದನ್ನು ನಿಲ್ಲಿಸಿದರು. ಆ ದೇಶದಲ್ಲಿ ತಮ್ಮ ಮಾರಾಟ ಆರಂಭವಾಗಿದೆ ಎಂಬುದು ಕೊಟ್ಟ ಕಾರಣ. ಎಲ್ಸೆವಿಯರ್ ಒಡೆತನದ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಢಾಕಾದ ಸಂಶೋಧಕರ ಟೀಕೆ ಪ್ರಕಟವಾಯಿತು. ಬ್ರಿಟಿಷ್ ಮೆಡಿಕಲ್ ಜರ್ನಲ್ ಸುದ್ದಿ ಮಾಡಿತು. ಪ್ರತಿಭಟನೆ ಎದ್ದ ಮೇಲೆ ಪ್ರಕಾಶಕರು ಹಿಂದೆ ಸರಿದು ಪ್ರವೇಶವನ್ನು ಮರಳಿ ಕೊಟ್ಟರು.

ಮರಳಿ ಸಿಕ್ಕಿತೆಂಬುದು ಸಮಾಧಾನದ ಸಂಗತಿ ಹೌದು. ಆದರೆ ಅದು ಸಿಕ್ಕಿದ್ದು ಯಾವುದೇ ನಿಯಮದ ಬಲದಿಂದಲ್ಲ, ಸಾರ್ವಜನಿಕ ಮುಜುಗರದಿಂದ. ಢಾಕಾದಲ್ಲಿ ಜಗತ್ತಿನ ಪತ್ರಿಕೆಗಳಿಗೆ ಬರೆಯಬಲ್ಲ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವಿತ್ತು. ಅಂಥ ದನಿಯಿಲ್ಲದ ದೇಶದಲ್ಲಿ ಇದೇ ನಡೆದಿದ್ದರೆ ಏನಾಗುತ್ತಿತ್ತು ಎಂಬುದು ಕೇಳಲೇಬೇಕಾದ ಪ್ರಶ್ನೆ.

5. ತುರ್ತಿನ ಕಾಲದ ತೆರವು

ವಿಪತ್ತಿನ ವೇಳೆ ಸಹಕಾರ ಸಲೀಸಾಗಿ ಕೂಡಿಬರುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವೂ ಪ್ರಕಾಶಕರೂ ಸೇರಿ ರೂಪಿಸಿದ ತುರ್ತು ಪ್ರವೇಶ ಯೋಜನೆ 2010ರ ಹೈಟಿ ಭೂಕಂಪದಲ್ಲಿ ಬಳಕೆಗೆ ಬಂತು. ಹಾನಿಗೊಳಗಾದ ಪ್ರದೇಶದ ವೈದ್ಯರಿಗೂ ನೆರವಿಗೆ ಹೋದವರಿಗೂ ನಿಯತಕಾಲಿಕೆಗಳು ಕೆಲವು ವಾರ ಉಚಿತವಾಗಿ ತೆರೆದವು. 2020ರ ಮಾರ್ಚಿನಲ್ಲಿ ಕೋವಿಡ್ ಸಂಬಂಧದ ಪ್ರಬಂಧಗಳನ್ನು ಪ್ರಕಾಶಕರು ಅದೇ ಗ್ರಂಥಾಲಯದ ಪಬ್‌ಮೆಡ್ ಸೆಂಟ್ರಲ್ ಭಂಡಾರದ ಮೂಲಕ ತೆರೆದಿಟ್ಟದ್ದು ಇದೇ ಮಾದರಿಯ ದೊಡ್ಡ ರೂಪ.

ಈ ನೆರವು ಬೆಲೆಯುಳ್ಳದ್ದೇ. ಆದರೆ ಲೈಬೀರಿಯದ ಪ್ರಸಂಗ ಬೇರೊಂದನ್ನು ಹೇಳುತ್ತದೆ. ಅಲ್ಲಿ ಬೇಕಾಗಿದ್ದ ಪ್ರಬಂಧ ಪಿಡುಗು ಬರುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಮುಂಚಿನದು. ಪಿಡುಗು ಘೋಷಣೆಯಾದ ಮೇಲೆ ತೆರೆಯುವ ಬಾಗಿಲು, ಪಿಡುಗನ್ನು ಊಹಿಸಿ ಸಿದ್ಧವಾಗಬೇಕಾದವರಿಗೆ ಮುಚ್ಚಿಯೇ ಇರುತ್ತದೆ.

6. ಹೆಲಿನೆಟ್: ಪಟ್ಟಿಯ ಹೊರಗಿದ್ದವರ ಉಪಾಯ

ಹಿನಾರಿಯಿಂದ ಹೊರಗುಳಿದ ದೇಶದಲ್ಲಿ ಗ್ರಂಥಪಾಲಕರು ಬೇರೆ ದಾರಿ ಹಿಡಿದರು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಬೆಂಗಳೂರಿನಿಂದ ಹೆಲಿನೆಟ್ ಒಕ್ಕೂಟವನ್ನು ಆರಂಭಿಸಿತು. ದೇಶದ ಆರೋಗ್ಯ ವಿಜ್ಞಾನ ಗ್ರಂಥಾಲಯಗಳ ಮೊದಲ ಒಕ್ಕೂಟಗಳಲ್ಲಿ ಇದೂ ಒಂದು. ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ ಮುಂತಾದ ಸಂಯೋಜಿತ ಕಾಲೇಜುಗಳ ಪರವಾಗಿ ವಿಶ್ವವಿದ್ಯಾಲಯವೇ ಪ್ರಕಾಶಕರೊಡನೆ ಬೆಲೆ ಮಾತಾಡಿತು.

ಇದರ ತರ್ಕ ಸರಳ. ಪ್ರತಿ ಕಾಲೇಜೂ ಬಿಡಿಯಾಗಿ ಹೋದರೆ ಕೈಗೆ ಎಟುಕುವುದು ಬೆರಳೆಣಿಕೆಯ ನಿಯತಕಾಲಿಕೆಗಳು. ಪ್ರಕಾಶಕರ ದೃಷ್ಟಿಯಲ್ಲಿ ಈ ಕಾಲೇಜುಗಳಲ್ಲಿ ಹೆಚ್ಚಿನವು ಹಿಂದೆಂದೂ ಗ್ರಾಹಕರಾಗಿರಲಿಲ್ಲ, ಮುಂದೆ ಬಿಡಿಯಾಗಿ ಆಗುವ ಸಂಭವವೂ ಕಡಿಮೆ. ಒಟ್ಟಾಗಿ ಬಂದರೆ ಅವರಿಗೆ ಹೊಸ ಆದಾಯ, ಕಾಲೇಜಿಗೆ ಪಾಲಿನ ಹಣದಲ್ಲಿ ಪೂರ್ತಿ ಸಂಗ್ರಹ. ಮುಖ್ಯ ಮಾತೆಂದರೆ ಇದು ಕರಾರು. ಅವಧಿಯ ನಡುವೆ ನಿಯತಕಾಲಿಕೆ ಕಾಣೆಯಾದರೆ ಕೇಳುವ ಹಕ್ಕು ಹಣ ಕೊಟ್ಟವರಿಗಿರುತ್ತದೆ. ನವೀಕರಣದ ಮುನ್ನ ಬಳಕೆಯ ಅಂಕಿಗಳನ್ನು ಮುಂದಿಟ್ಟು ಚೌಕಾಸಿ ಮಾಡಬಹುದು. ದಾನ ಪಡೆದವರಿಗೆ ಈ ಹಿಡಿತ ಇರುವುದಿಲ್ಲ.

ಕರಾರಿನ ದೌರ್ಬಲ್ಯವೂ ಇಲ್ಲೇ ಕಾಣುತ್ತದೆ. ಬೆಲೆಯನ್ನು ಬಹಿರಂಗಪಡಿಸಬಾರದೆಂಬ ಷರತ್ತು ಜಗತ್ತಿನೆಲ್ಲೆಡೆ ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿತ್ತು. ಪಕ್ಕದ ಒಕ್ಕೂಟ ಎಷ್ಟು ಕೊಟ್ಟಿತೆಂದು ತಿಳಿಯದೆ ನ್ಯಾಯವಾದ ಬೆಲೆ ಯಾವುದೆಂದು ಹೇಳುವುದು ಹೇಗೆ? ಹಿನಾರಿಯ ಸೋದರ ಯೋಜನೆಗೆ ಕೈಜೋಡಿಸಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಇಂಥ ಗೌಪ್ಯತೆಯ ಷರತ್ತುಳ್ಳ ಕರಾರಿಗೆ ಸಹಿ ಹಾಕುವುದಿಲ್ಲವೆಂದು 2011ರಲ್ಲಿ ಘೋಷಿಸಿತು. ಪ್ರಕಾಶಕರೊಡನೆ ಸಹಕಾರ, ಅವರ ಷರತ್ತಿಗೆ ನಿರಾಕರಣೆ ಇವೆರಡೂ ಒಂದೇ ಗ್ರಂಥಾಲಯದಲ್ಲಿ ಇರಬಲ್ಲವು ಎಂಬುದಕ್ಕೆ ಇದು ನಿದರ್ಶನ.

7. ಸಂಸ್ಥೆಯೋ ಓದುಗನೋ

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒಂದು ರಾಷ್ಟ್ರ ಒಂದು ಚಂದಾದಾರಿಕೆ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ ₹6,000 ಕೋಟಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು, 6,300ರಷ್ಟು ಸಂಸ್ಥೆಗಳು, ನಿರ್ವಹಣೆ ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನದು. ಹೆಲಿನೆಟ್ ರಾಜ್ಯದ ಮಟ್ಟದಲ್ಲಿ ಮಾಡಿದ್ದನ್ನು ಇದು ದೇಶದ ಮಟ್ಟಕ್ಕೆ ಒಯ್ದಿದೆ.

ಒಳಗೆ ಬಂದಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳು. 1953ರಲ್ಲೇ ಖಾಸಗಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲ ಇಂದು ಇರುವುದು ನಮ್ಮ ಕರ್ನಾಟಕದಲ್ಲಿ. ಇಲ್ಲಿನ ವೈದ್ಯಕೀಯ ಶಿಕ್ಷಣದ ದೊಡ್ಡ ಭಾಗ ಖಾಸಗಿ ಸಂಸ್ಥೆಗಳಲ್ಲಿದೆ. ಅವೆಲ್ಲ ಈ ಗೆರೆಯ ಹೊರಗೆ. ಸಿರಿವಂತ ಖಾಸಗಿ ಕಾಲೇಜು ಹೇಗೋ ಕೊಂಡುಕೊಳ್ಳುತ್ತದೆ ಎನ್ನಬಹುದು. ತಾಲ್ಲೂಕು ಕೇಂದ್ರದ ಸಣ್ಣ ನರ್ಸಿಂಗ್ ಕಾಲೇಜಿನ ಬಗ್ಗೆ ಹಾಗೆನ್ನಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಯಾವ ಕಾಲೇಜಿಗೂ ಸೇರಿದವರಲ್ಲ. ಅವರಿಗೆ ಹೆಲಿನೆಟ್ ಬಾಗಿಲೂ ಇಲ್ಲ, ರಾಷ್ಟ್ರೀಯ ಬಾಗಿಲೂ ಇಲ್ಲ.

ಬೇರೆ ಬಗೆಯ ಕರಾರು ಸಾಧ್ಯವೆಂಬುದಕ್ಕೆ ಈ ದೇಶದಲ್ಲೇ ಪೂರ್ವನಿದರ್ಶನವಿದೆ. ಚಿಕಿತ್ಸೆಗಳ ಪರಿಣಾಮ ಕುರಿತ ಸಾಕ್ಷ್ಯಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಲೈಬ್ರರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ರಾಷ್ಟ್ರೀಯ ಚಂದಾ ಕಟ್ಟಿತು. ಆ ಒಪ್ಪಂದದಲ್ಲಿ ಓದುಗ ಯಾವ ಸಂಸ್ಥೆಯವನೆಂದು ಕೇಳುವ ಪ್ರಮೇಯವಿರಲಿಲ್ಲ; ದೇಶದೊಳಗೆ ಅಂತರ್ಜಾಲ ಸಂಪರ್ಕವಿದ್ದ ಯಾರೇ ಆದರೂ, ರೋಗಿಯ ಮನೆಯವರೂ ಸಹ, ಓದಬಹುದಿತ್ತು. ಒಂದು ಸಂಗ್ರಹಕ್ಕೆ ಮಾಡಿದ್ದನ್ನು 13,000 ನಿಯತಕಾಲಿಕೆಗಳಿಗೆ ಮಾಡುವುದು ದುಬಾರಿಯಾದೀತು. ಆದರೂ ವೈದ್ಯಕೀಯ ಸಂಗ್ರಹದ ಒಂದು ಭಾಗವನ್ನಾದರೂ ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯರಿಗೂ ವಿಸ್ತರಿಸುವ ಮಾತು ಅಸಾಧ್ಯವಾದುದೇನಲ್ಲ.

8. ಬರೆಯುವವರ ಬದಿ

ಹಂಚಿಕೆ ಓದುವುದರಲ್ಲೇ ಮುಗಿಯುವುದಿಲ್ಲ. ಮುಕ್ತ ಪ್ರವೇಶದ ಅನೇಕ ಪತ್ರಿಕೆಗಳಲ್ಲಿ ಓದುಗನಿಗೆ ಬೆಲೆಯಿಲ್ಲ, ಲೇಖಕ ಶುಲ್ಕ ಕಟ್ಟಬೇಕು. ದೊಡ್ಡ ಪ್ರಕಾಶಕರು ಬಡ ದೇಶಗಳ ಲೇಖಕರಿಗೆ ರಿಯಾಯಿತಿ ಕೊಡುತ್ತಾರಾದರೂ ಒಟ್ಟು ಆದಾಯದ ಮಿತಿಯಿಂದಾಗಿ ಭಾರತದ ಲೇಖಕರು ಅಲ್ಲೂ ಸಾಮಾನ್ಯವಾಗಿ ಹೊರಗೆ. ಹಿನಾರಿಯ ಗೆರೆಯೇ ಇಲ್ಲಿ ಮತ್ತೆ ಬಿದ್ದಿದೆ. ಇಂಥ ಶುಲ್ಕಕ್ಕೆಂದು ರಾಷ್ಟ್ರೀಯ ಯೋಜನೆಯಲ್ಲಿ ವರ್ಷಕ್ಕೆ ₹150 ಕೋಟಿ ಇಡಲಾಗಿದೆ. ಅದು ಫಲಾನುಭವಿ ಸಂಸ್ಥೆಗಳ ಲೇಖಕರಿಗೆ. ಓದಲು ಹೊರಗಿರುವವರು ಬರೆಯಲೂ ಹೊರಗೇ.

ಶುಲ್ಕವಿಲ್ಲದೆ ನಡೆಯುವ ಮಾದರಿ ಇಲ್ಲಿತ್ತು. ಮುಂಬಯಿಯಲ್ಲಿ 1997ರಲ್ಲಿ ಹುಟ್ಟಿದ ಮೆಡ್‌ನೋ, ವೈದ್ಯಕೀಯ ಸಂಘಗಳ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಓದುಗರಿಗೆ ಉಚಿತವಾಗಿಟ್ಟು, ಹೆಚ್ಚಿನವುಗಳಲ್ಲಿ ಲೇಖಕರಿಂದಲೂ ಹಣ ಪಡೆಯದೆ, ಮುದ್ರಿತ ಪ್ರತಿಯ ಚಂದಾ ಮುಂತಾದ ಆದಾಯದಲ್ಲಿ ನಡೆಯಿತು. 2011ರಲ್ಲಿ ಅದನ್ನು ವೋಲ್ಟರ್ಸ್ ಕ್ಲೂವರ್ ಕೊಂಡಿತು. ಪ್ರಕಾಶಕರೆಂದರೆ ಒಂದೇ ಬಗೆಯವರಲ್ಲ ಎಂಬುದನ್ನು ಗ್ರಂಥಪಾಲಕರು ಮಾತುಕತೆಯಲ್ಲಿ ನೆನಪಿಡಬೇಕು. ಸಂಘಗಳ ಸಣ್ಣ ಪತ್ರಿಕೆಗಳು ಅವರ ಸಹಜ ಮಿತ್ರರು.

9. ಉಪಸಂಹಾರ

ಮೇಲಿನ ಪ್ರಕರಣಗಳು ಮೂರು ನಿರ್ಣಯಗಳಿಗೆ ಒಯ್ಯುತ್ತವೆ. ಮೊದಲನೆಯದು, ಉಚಿತ ಎಂಬ ಗುಣವೊಂದರಿಂದಲೇ ಹಂಚಿಕೆ ನ್ಯಾಯಯುತವಾಗುವುದಿಲ್ಲ. ಹಣ ಕೊಟ್ಟ ಹೆಲಿನೆಟ್‌ಗೆ ಇದ್ದ ಭದ್ರತೆ ಉಚಿತ ಪಡೆದ ಬಾಂಗ್ಲಾದೇಶಕ್ಕೆ ಇರಲಿಲ್ಲ. ಎರಡನೆಯದು, ಕರಾರು ಇದ್ದ ಮಾತ್ರಕ್ಕೂ ನ್ಯಾಯ ಸಿದ್ಧಿಸುವುದಿಲ್ಲ. ಅದರಲ್ಲಿ 'ಅರ್ಹ ಓದುಗ' ಎಂದರೆ ಯಾರು ಎಂಬ ಒಂದು ಸಾಲು ಲಕ್ಷಾಂತರ ಜನರನ್ನು ಹೊರಗಿಡಬಲ್ಲದು. ಮೂರನೆಯದು, ಈ ಸಾಲು ಬರೆಯುವಾಗ ಓದುಗನ ಅಗತ್ಯವನ್ನು ಕಂಡು ಬಲ್ಲ ಗ್ರಂಥಪಾಲಕರು ಮೇಜಿನ ಬಳಿ ಇರಬೇಕು, ಸಹಿಯಾದ ಮೇಲೆ ತರಬೇತಿ ಕೊಡಲು ಮಾತ್ರ ಕರೆಸಿಕೊಂಡರೆ ಸಾಲದು.

ಪ್ರಸ್ತುತ ರಾಷ್ಟ್ರೀಯ ಕರಾರಿನ ಅವಧಿ 2027ಕ್ಕೆ ಮುಗಿಯುತ್ತದೆ. ಆ ಬಳಿಕದ ಮಾತುಕತೆಗೆ ಆರೋಗ್ಯ ವಿಜ್ಞಾನ ಗ್ರಂಥಪಾಲಕರು ನಾಲ್ಕು ಬೇಡಿಕೆಗಳನ್ನು ಸಿದ್ಧಪಡಿಸಿಕೊಳ್ಳಬಹುದು: ಸರ್ಕಾರಿ ಆಸ್ಪತ್ರೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರೂ ದಾದಿಯರೂ ಅರ್ಹ ಓದುಗರಾಗಬೇಕು, ಸಣ್ಣ ಖಾಸಗಿ ಕಾಲೇಜುಗಳು ಪಾಲು ಕೊಟ್ಟು ಇದೇ ದರದಲ್ಲಿ ಸೇರಲು ಅವಕಾಶವಿರಬೇಕು, ಚಂದಾ ನಿಂತರೂ ಹಣ ಕೊಟ್ಟ ವರ್ಷಗಳ ಸಂಚಿಕೆಗಳು ಉಳಿಯಬೇಕು, ಬೆಲೆಯೂ, ಹಿಂತೆಗೆಯುವ ಮುನ್ನ ಕೊಡಬೇಕಾದ ಸೂಚನೆಯ ಅವಧಿಯೂ ಬಹಿರಂಗವಾಗಿರಬೇಕು. ಇವುಗಳಲ್ಲಿ ಯಾವುದೂ ಪ್ರಕಾಶಕರ ದಯೆಯನ್ನು ಬೇಡುವುದಿಲ್ಲ. ಸಾರ್ವಜನಿಕರ ಹಣ ಕೊಟ್ಟು ಕೊಳ್ಳುವವರು ಬರಹದಲ್ಲಿ ಪಡೆದುಕೊಳ್ಳಬೇಕಾದ ಷರತ್ತುಗಳಷ್ಟೇ ಇವು.