ನೂರು ಎಸ್ಕುದೊ ನಾಣ್ಯ: ತೂಕ ಹೇಳುವ ಇತಿಹಾಸ

ಅಂಗೈ ತುಂಬುವ, ಸುಮಾರು 339 ಗ್ರಾಂ ತೂಗುವ ಒಂದು ಚಿನ್ನದ ನಾಣ್ಯವನ್ನು ಊಹಿಸಿಕೊಳ್ಳಿ. ಸ್ಪೇನಿನ ದೊರೆ ಮೂರನೆಯ ಫಿಲಿಪ್‌ನ ಕಾಲದಲ್ಲಿ, 1609ರಲ್ಲಿ, ಸೆಗೋವಿಯ ನಗರದ ಟಂಕಸಾಲೆಯಲ್ಲಿ ಇದು ತಯಾರಾಯಿತು. ಹೆಸರು 'ಸೆಂತೆನ್', ಮುಖಬೆಲೆ 100 ಎಸ್ಕುದೊ. ಪೇಟೆಯ ವ್ಯವಹಾರಕ್ಕಲ್ಲ, ದೊರೆಯ ವೈಭವವನ್ನು ಸಾರಲು ಮಾಡಿದ ನಾಣ್ಯವಿದು. 2025ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ ಇದು 28 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಇಷ್ಟು ಅಗಲದ ಬಿಲ್ಲೆಯ ಮೇಲೆ ಅಚ್ಚು ಮೂಡಿಸಿದ್ದು ಹೇಗೆ? ಆಗ ಸ್ಪೇನಿನ ಇತರ ಟಂಕಸಾಲೆಗಳಲ್ಲಿ ಸುತ್ತಿಗೆಯ ಪೆಟ್ಟಿನಿಂದ ನಾಣ್ಯ ಮಾಡುತ್ತಿದ್ದರು. ಪೆಟ್ಟಿನ ಬಲ ಎಲ್ಲೆಡೆ ಒಂದೇ ಸಮನಾಗಿ ಹರಡುವುದಿಲ್ಲ. ಸೆಗೋವಿಯದಲ್ಲಾದರೋ ಎರಡನೆಯ ಫಿಲಿಪ್ 1580ರ ದಶಕದಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತದಿಂದ ಹೊಸ ಯಂತ್ರಗಳನ್ನು ತರಿಸಿದ್ದ. ಎರೆಸ್ಮ ನದಿಯ ನೀರು ಚಕ್ರಗಳನ್ನು ತಿರುಗಿಸುತ್ತಿತ್ತು. ಚಕ್ರಗಳು ಉರುಳೆಗಳನ್ನು ತಿರುಗಿಸುತ್ತಿದ್ದವು. ಅಚ್ಚು ಕೆತ್ತಿದ ಎರಡು ಉರುಳೆಗಳ ನಡುವೆ ಲೋಹದ ಪಟ್ಟಿ ಹಾದುಹೋದಾಗ ಎರಡೂ ಬದಿಗಳಲ್ಲಿ ಚಿತ್ರ ಒಟ್ಟಿಗೇ ಮೂಡುತ್ತಿತ್ತು.

ಈಗ ಒಂದು ಸರಳ ಲೆಕ್ಕ. ಆ ಕಾಲದ ಎಸ್ಕುದೊ 22 ಕ್ಯಾರಟ್ ಚಿನ್ನದ್ದು. ತೂಕ ಸುಮಾರು 3.38 ಗ್ರಾಂ. ಇದರ ನೂರು ಪಟ್ಟು 338 ಗ್ರಾಂ. ಅಂದರೆ ಸೆಂತೆನ್‌ನ ತೂಕದಲ್ಲಿ ಮೋಸವಿಲ್ಲ. 22 ಕ್ಯಾರಟ್ ಚಿನ್ನದ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 17.7 ಗ್ರಾಂ. ಆದ್ದರಿಂದ ನಾಣ್ಯದ ಗಾತ್ರ ಸುಮಾರು 19 ಘನ ಸೆಂ.ಮೀ. ವ್ಯಾಸ ಸುಮಾರು 7.1 ಸೆಂ.ಮೀ.; ಹಾಗಾದರೆ ಸರಾಸರಿ ದಪ್ಪ 5 ಮಿ.ಮೀ.ಗೆ ತುಸು ಕಡಿಮೆ. ನೀರಿನಲ್ಲಿ ಮುಳುಗಿಸಿ ತೂಗಿದರೆ ಅದು ಸುಮಾರು 19 ಗ್ರಾಂ ಹಗುರವೆನಿಸಬೇಕು. ಆರ್ಕಿಮಿಡೀಸನ ಈ ಪರೀಕ್ಷೆಗೆ ನಾಣ್ಯವನ್ನು ಗೀರಬೇಕಿಲ್ಲ, ಕರಗಿಸಬೇಕಿಲ್ಲ.

ಆದರೆ ಅದೇ ಟಂಕಸಾಲೆ ಜನಸಾಮಾನ್ಯರಿಗಾಗಿ ತಾಮ್ರದ ನಾಣ್ಯಗಳನ್ನೂ ತಯಾರಿಸುತ್ತಿತ್ತು. ಹಿಂದೆ ಅವುಗಳಲ್ಲಿ ಬೆರೆಸುತ್ತಿದ್ದ ಅಲ್ಪಸ್ವಲ್ಪ ಬೆಳ್ಳಿಯನ್ನು ಮೂರನೆಯ ಫಿಲಿಪ್‌ನ ಆಡಳಿತ ಕೈಬಿಟ್ಟಿತು. 1603ರಲ್ಲಿ ಹಳೆಯ 4 ಮರವೆದಿ ನಾಣ್ಯಗಳ ಮೇಲೆ 8 ಎಂದು ಮುದ್ರೆ ಒತ್ತಿ ಬೆಲೆಯನ್ನು ಇಮ್ಮಡಿಗೊಳಿಸಿತು. ಲೋಹ ಮಾತ್ರ ಒಂದು ಗುಂಜಿಯೂ ಹೆಚ್ಚಲಿಲ್ಲ! ಅಷ್ಟಾದರೂ 1607ರಲ್ಲಿ ಅರಸೊತ್ತಿಗೆ ಸಾಲ ತೀರಿಸಲಾಗದೆ ಪಾವತಿ ನಿಲ್ಲಿಸಿತು. ಅದಾದ ಎರಡೇ ವರ್ಷಕ್ಕೆ ಈ ಭಾರೀ ಚಿನ್ನದ ನಾಣ್ಯ ಹೊರಬಂತು.

ಮುದ್ರೆ ಹೇಳುವುದು ಆಳುವವರ ಮಾತು. ತೂಕ, ಸಾಂದ್ರತೆಗಳು ಹೇಳುವುದು ಲೋಹದ ಮಾತು. ಇತಿಹಾಸ ತಿಳಿಯಲು ಎರಡನ್ನೂ ಕೇಳಬೇಕು. ನಿಮ್ಮ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಹಳೆಯ, ಹೊಸ ಒಂದು ರೂಪಾಯಿ ನಾಣ್ಯಗಳನ್ನು ತೂಗಿ ನೋಡಿ. ಪಾಠ ಅಲ್ಲಿಂದಲೇ ಶುರುವಾಗಲಿ.